ಪಿಯಾನೊ ಕಲಿಸಿದ ಕಂಠ

ಅಮೆರಿಕದ ಜಾಝ್ ಗಾಯಕಿ ಸಾರಾ ವಾನ್ ಅವರ ಜನ್ಮದಿನಕ್ಕೂ ಪುಣ್ಯದಿನಕ್ಕೂ ನಡುವೆ ಒಂದೇ ವಾರದ ಅಂತರ. ಅಭಿಮಾನಿಗಳು ಅವರನ್ನು ‘ದಿವ್ಯೆ’ ಎಂದರು, ಜೊತೆಗಾರರು ‘ಸ್ಯಾಸಿ’ ಎಂದರು, ಮಾರುಕಟ್ಟೆ ಅವರಿಂದ ಬರೀ ಇಂಪಾದ ಹಾಡುಗಳನ್ನು ಕೇಳಿತು. ಆ ಕಂಠಕ್ಕೆ ದಾರಿ ತೋರಿಸಿದ್ದು ಮಾತ್ರ ಪಿಯಾನೊ ಬಲ್ಲ ಎರಡು ಕೈಗಳು.

1954ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮುದ್ರಣಗೊಂಡ ‘ಲಲಬೈ ಆಫ್ ಬರ್ಡ್‌ಲ್ಯಾಂಡ್’ ಹಾಡಿನ ನಡುವೆ ಸಾಹಿತ್ಯವು ಹಿಂದೆ ಸರಿದು, ಒಂದು ಹೆಣ್ಣುದನಿ ಅರ್ಥವಿಲ್ಲದ ಅಕ್ಷರಗಳನ್ನಷ್ಟೇ ಹಿಡಿದುಕೊಂಡು ವಾದ್ಯಗಳ ಸಾಲಿಗೆ ಬಂದು ನಿಲ್ಲುತ್ತದೆ. ಕೊಳಲು, ಸ್ಯಾಕ್ಸೊಫೋನ್, ಟ್ರಂಪೆಟ್‌ಗಳು ತಮ್ಮ ತಮ್ಮ ಸರದಿಯಲ್ಲಿ ಚುಟುಕಾಗಿ ನುಡಿದು ಬಿಟ್ಟುಕೊಟ್ಟ ಜಾಗವನ್ನು ಆ ದನಿ ಅಷ್ಟೇ ಚುಟುಕಾಗಿ ತುಂಬುತ್ತದೆ, ಅವು ಎಸೆದ ಸ್ವರಗುಚ್ಛವನ್ನು ಹಿಡಿದು ಇನ್ನೊಂದು ದಿಕ್ಕಿಗೆ ತಿರುಗಿಸುತ್ತದೆ, ಎಲ್ಲಿಯೂ ಆತುರಪಡದೆ ಲಯದ ಮೇಲೆ ಒರಗಿಕೊಂಡು ಮುಂದೆ ಸಾಗುತ್ತದೆ.

ಮಾತಿಲ್ಲದ ಅಕ್ಷರಗಳಲ್ಲಿ ಹೀಗೆ ಸ್ವರವಿಹಾರ ಮಾಡುವ ಜಾಝ್ ಪದ್ಧತಿಗೆ ‘ಸ್ಕ್ಯಾಟ್’ ಎಂಬ ಹೆಸರಿದೆ. ಅನೇಕ ಗಾಯಕರಲ್ಲಿ ಅದು ಚಮತ್ಕಾರದ ಮಟ್ಟದಲ್ಲಿ ನಿಂತುಬಿಡುತ್ತದೆ. ಈ ಮುದ್ರಣದಲ್ಲಿ ಅದು ವಾದ್ಯಗಾರರ ಮಾತುಕತೆಯಲ್ಲಿ ಸಮಾನರೊಬ್ಬರು ಪಾಲ್ಗೊಂಡ ಕ್ರಮವಾಗಿ ಕೇಳಿಸುತ್ತದೆ. ಟ್ರಂಪೆಟ್ ನುಡಿಸಿದ ಕ್ಲಿಫರ್ಡ್ ಬ್ರೌನ್ ಅವರಿಗೆ ಆಗ 24 ವರ್ಷ; ಒಂದೂವರೆ ವರ್ಷದ ಬಳಿಕ, 1956ರ ಜೂನ್‌ನಲ್ಲಿ, ರಸ್ತೆ ಅಪಘಾತವೊಂದು ಅವರನ್ನು ಕೊಂಡೊಯ್ಯಿತು. ಹಾಡಿದ ಸಾರಾ ವಾನ್ ಅವರಿಗೆ 30 ವರ್ಷ. ಅವರ ಮುಂದೆ ಇನ್ನೂ ಮೂರೂವರೆ ದಶಕಗಳ ಗಾಯನವಿತ್ತು.

1924ರ ಮಾರ್ಚ್ 27ರಂದು ಜನಿಸಿ 1990ರ ಏಪ್ರಿಲ್ 3ರಂದು ತೀರಿಕೊಂಡ ಸಾರಾ ಅವರನ್ನು ಜಾಝ್ ರಸಿಕರು ಪ್ರತಿವರ್ಷ ಈ ವಾರದಲ್ಲಿ ನೆನೆಯುತ್ತಾರೆ. ಎಲ್ಲಾ ಫಿಟ್ಜೆರಾಲ್ಡ್ ಮತ್ತು ಬಿಲ್ಲಿ ಹಾಲಿಡೇ ಅವರ ಜೊತೆಗೆ ಇಪ್ಪತ್ತನೆಯ ಶತಮಾನದ ನಡುಭಾಗದ ಮೂವರು ಮಹಾಗಾಯಕಿಯರಲ್ಲಿ ಒಬ್ಬರೆಂದು ಅವರನ್ನು ಎಣಿಸುವುದು ರೂಢಿ. ಆದರೆ ಅವರ ಬಗೆಗಿನ ಹೊಗಳಿಕೆಯಲ್ಲಿ ಬಹುಪಾಲು ಕಂಠದ ಸೊಬಗಿಗೇ ಸಂದಿದ್ದು, ಆ ಕಂಠವನ್ನು ನಡೆಸಿದ ಸಂಗೀತಜ್ಞಾನಕ್ಕೆ ಸಲ್ಲಬೇಕಾದ ಮನ್ನಣೆ ಇಂದಿಗೂ ಪೂರ್ತಿ ಸಂದಿಲ್ಲ.

ಚರ್ಚ್‌ನ ಆರ್ಗನ್, ಅಪೊಲೊದ ರಂಗ

ಸಾರಾ ಹುಟ್ಟಿದ್ದು ನ್ಯೂಯಾರ್ಕ್‌ಗೆ ಹತ್ತಿರದಲ್ಲೇ ಇರುವ, ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕ್ ನಗರದಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ದಕ್ಷಿಣದ ವರ್ಜೀನಿಯಾದಿಂದ ಅಲ್ಲಿಗೆ ವಲಸೆ ಬಂದ ಕಪ್ಪು ಜನಾಂಗದ ಕುಟುಂಬ ಅವರದು. ಬಡಗಿಯಾಗಿದ್ದ ತಂದೆ ಬಿಡುವಿನಲ್ಲಿ ಗಿಟಾರ್ ಮತ್ತು ಪಿಯಾನೊ ನುಡಿಸುತ್ತಿದ್ದರು. ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದ ತಾಯಿ ಚರ್ಚ್‌ನ ಗಾಯನವೃಂದದಲ್ಲಿ ಹಾಡುತ್ತಿದ್ದರು.

ಏಳನೆಯ ವಯಸ್ಸಿನಲ್ಲಿ ಪಿಯಾನೊ ಪಾಠ ಆರಂಭಿಸಿದ ಬಾಲಕಿ ಕೆಲವೇ ವರ್ಷಗಳಲ್ಲಿ ಮೌಂಟ್ ಝಯನ್ ಬ್ಯಾಪ್ಟಿಸ್ಟ್ ಚರ್ಚ್‌ನ ಪ್ರಾರ್ಥನೆಗಳಿಗೆ ವಾದ್ಯಸಹಕಾರ ನೀಡುವಷ್ಟು ಪಳಗಿದಳು. ಈ ತಾಲೀಮು ಮುಂದಿನ ಇಡೀ ಬದುಕಿಗೆ ಬುನಾದಿಯಾಯಿತು. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳು ಏಕಕಾಲಕ್ಕೆ ಮೊಳಗಿ ಒಂದು ಗುಂಪಾಗುವುದನ್ನು ‘ಕಾರ್ಡ್’ ಎಂದೂ, ಇಂಥ ಗುಂಪುಗಳು ಒಂದರಿಂದ ಇನ್ನೊಂದಕ್ಕೆ ಸಾಗುವ ವ್ಯವಸ್ಥೆಯನ್ನು ‘ಹಾರ್ಮನಿ’ ಎಂದೂ ಕರೆಯುತ್ತಾರೆ. ಕೇವಲ ಹಾಡಿ ಕಲಿತವರಿಗೆ ಒಂದು ಹಾಡಿನಲ್ಲಿ ಮೊದಲು ಕಾಣುವುದು ಅದರ ಧಾಟಿ. ಪಿಯಾನೊ ಮುಂದೆ ಕುಳಿತು ಕಲಿತವರಿಗೆ ಧಾಟಿಯ ಕೆಳಗೆ ಹಾಸಿದ ಈ ಕಾರ್ಡ್‌ಗಳ ನಕ್ಷೆಯೂ ಕಾಣುತ್ತದೆ, ಆ ನಕ್ಷೆ ಬಲ್ಲವರು ಧಾಟಿಯ ಹಾದಿಯನ್ನು ಧೈರ್ಯವಾಗಿ ಬಿಟ್ಟು ಬೇರೆ ಹಾದಿಯಲ್ಲಿ ಅದೇ ಊರನ್ನು ತಲುಪಬಲ್ಲರು.

ಹದಿಹರೆಯದಲ್ಲೇ ನ್ಯೂವಾರ್ಕ್‌ನ ರಾತ್ರಿ ಕ್ಲಬ್‌ಗಳಲ್ಲಿ ಪಿಯಾನೊ ನುಡಿಸತೊಡಗಿದ ಸಾರಾ, ಕಲಾಶಿಕ್ಷಣಕ್ಕೆಂದೇ ಸ್ಥಾಪಿತವಾದ ನಗರದ ಆರ್ಟ್ಸ್ ಹೈಸ್ಕೂಲನ್ನು ಸೇರಿದರೂ ಓದು ಮುಗಿಸದೆ ಹೊರಬಂದರು.

ನ್ಯೂಯಾರ್ಕ್‌ನ ಹಾರ್ಲೆಮ್ ಪ್ರದೇಶ ಕಪ್ಪು ಜನಾಂಗದ ಸಾಂಸ್ಕೃತಿಕ ರಾಜಧಾನಿಯಂತಿದ್ದ ಕಾಲವದು. ಅಲ್ಲಿನ ಅಪೊಲೊ ರಂಗಮಂದಿರದಲ್ಲಿ ಬುಧವಾರ ರಾತ್ರಿಗಳಂದು ನಡೆಯುತ್ತಿದ್ದ ಹವ್ಯಾಸಿಗಳ ಸ್ಪರ್ಧೆಯಲ್ಲಿ ಪ್ರೇಕ್ಷಕರೇ ತೀರ್ಪುಗಾರರು, ಮೆಚ್ಚದಿದ್ದರೆ ಕೂಗಿ ಇಳಿಸುವುದಕ್ಕೂ ಹಿಂಜರಿಯದವರು. 1942ರಲ್ಲಿ, 18ರ ಹರೆಯದ ಸಾರಾ ‘ಬಾಡಿ ಅಂಡ್ ಸೋಲ್’ ಎಂಬ ಹಾಡನ್ನು ಅಲ್ಲಿ ಹಾಡಿ ಗೆದ್ದರು. ಬಹುಮಾನವೆಂದರೆ 10 ಡಾಲರ್ ಮತ್ತು ಅದೇ ರಂಗದಲ್ಲಿ ಒಂದು ವಾರ ಹಾಡುವ ಅವಕಾಶ. ಆ ವರ್ಷದ ನವೆಂಬರ್‌ನಲ್ಲಿ ಆ ಅವಕಾಶ ಕೈಗೂಡಿದಾಗ ಅವರು ಹಾಡಿದ್ದು ಎಲ್ಲಾ ಫಿಟ್ಜೆರಾಲ್ಡ್ ಅವರ ಕಛೇರಿಗೆ ಮುನ್ನುಡಿಯಾಗಿ.

ಬೀಬಾಪ್ ಎಂಬ ಪಾಠಶಾಲೆ

ಅಪೊಲೊದ ಗೆಲುವಿನ ಹಿಂದೆಯೇ, ಗಾಯಕ ಬಿಲ್ಲಿ ಎಕ್‌ಸ್ಟೈನ್ ಅವರ ಶಿಫಾರಸಿನ ಮೇರೆಗೆ, ಪಿಯಾನೊ ವಾದಕ ಅರ್ಲ್ ಹೈನ್ಸ್ 1943ರ ಏಪ್ರಿಲ್‌ನಲ್ಲಿ ಸಾರಾ ಅವರನ್ನು ತಮ್ಮ ದೊಡ್ಡ ವಾದ್ಯಮೇಳಕ್ಕೆ ಸೇರಿಸಿಕೊಂಡರು. ಗಾಯಕಿಯ ಜೊತೆಗೆ ಎರಡನೆಯ ಪಿಯಾನೊ ವಾದಕಿಯ ಹೊಣೆಯೂ ಅವರಿಗಿತ್ತು. ಆಗಿನ ವಾದ್ಯಮೇಳಗಳಲ್ಲಿ ಗಾಯಕಿಯರು ತಮ್ಮ ಹಾಡಿನ ಸರದಿ ಬರುವವರೆಗೆ ರಂಗದ ಬದಿಯ ಕುರ್ಚಿಯಲ್ಲಿ ಅಲಂಕಾರವಾಗಿ ಕುಳಿತಿರಬೇಕಾಗಿತ್ತು ಎಂಬುದನ್ನು ನೆನೆದರೆ, ವಾದ್ಯದ ಮುಂದೆ ಕೂತು ಮೇಳದ ಭಾಗವಾಗಿ ದುಡಿದ ಸಾರಾ ಅವರ ಸ್ಥಾನ ಎಷ್ಟು ಬೇರೆಯದಾಗಿತ್ತೆಂಬುದು ತಿಳಿಯುತ್ತದೆ.

ಆ ಮೇಳದಲ್ಲಿ ಟ್ರಂಪೆಟ್‌ಗೆ ಡಿಝ್ಝಿ ಗಿಲೆಸ್ಪಿ, ಸ್ಯಾಕ್ಸೊಫೋನ್‌ಗೆ ಚಾರ್ಲಿ ಪಾರ್ಕರ್ ಇದ್ದರು. ಕುಣಿತಕ್ಕೆ ಒಗ್ಗಿದ ಹಳೆಯ ಜಾಝ್‌ನಿಂದ ಬಿಡಿಸಿಕೊಂಡು, ಅತಿವೇಗದ ನಡೆ, ಅನಿರೀಕ್ಷಿತ ಒತ್ತು ಮತ್ತು ಸಂಕೀರ್ಣವಾದ ಕಾರ್ಡ್‌ಗಳ ಮೇಲೆ ಈ ತರುಣರು ಕಟ್ಟುತ್ತಿದ್ದ ಹೊಸ ಶೈಲಿಗೆ ‘ಬೀಬಾಪ್’ ಎಂಬ ಹೆಸರು ಬಂತು; ಅದು ಕುಣಿಯುವವರಿಗಿಂತ ಕೂತು ಆಲಿಸುವವರನ್ನು ಬಯಸುವ ಸಂಗೀತವಾಗಿತ್ತು. ಆ ಶೈಲಿ ಹುಟ್ಟುತ್ತಿದ್ದ ವೇದಿಕೆಯ ಮೇಲೆಯೇ ಕುಳಿತು ಅದನ್ನು ಒಳಗಿನಿಂದ ಕಲಿತ ಗಾಯಕಿ ಸಾರಾ. ಹಾಡುಗಾರರಿಗಿಂತ ಹೆಚ್ಚಾಗಿ ಪಾರ್ಕರ್ ಮತ್ತು ಗಿಲೆಸ್ಪಿಯವರ ವಾದ್ಯಗಳೇ ತಮ್ಮನ್ನು ರೂಪಿಸಿದವೆಂದು ಮುಂದೆ ಅವರು ಹೇಳುತ್ತಿದ್ದುದರಲ್ಲಿ ಉತ್ಪ್ರೇಕ್ಷೆಯಿಲ್ಲ.

> ಮುದ್ರಣವಾಗದೆ ಹೋದ ಮೇಳ
>
> ಅಮೆರಿಕದ ಸಂಗೀತಗಾರರ ಒಕ್ಕೂಟವು 1942ರ ಆಗಸ್ಟ್ 1ರಿಂದ ಧ್ವನಿಮುದ್ರಣಕ್ಕೆ ನಿಷೇಧ ಹೇರಿತ್ತು. ಗ್ರಾಮಫೋನ್ ತಟ್ಟೆಗಳ ಮಾರಾಟದಲ್ಲಿ ಕಲಾವಿದರಿಗೂ ಪಾಲು ಸಲ್ಲಬೇಕೆಂಬುದು ಬೇಡಿಕೆ. ಇದರಿಂದಾಗಿ ಪಾರ್ಕರ್, ಗಿಲೆಸ್ಪಿ, ಸಾರಾ ಮೂವರೂ ಇದ್ದ 1943ರ ಹೈನ್ಸ್ ಮೇಳದ ಒಂದು ಹಾಡೂ ತಟ್ಟೆಯಲ್ಲಿ ಉಳಿಯಲಿಲ್ಲ.
>
> 1948ರಲ್ಲಿ ಎರಡನೆಯ ನಿಷೇಧ ಬಂದಾಗ ವಾದ್ಯಗಾರರನ್ನು ಬಳಸುವಂತಿರಲಿಲ್ಲ. ಸಾರಾ ‘ನೇಚರ್ ಬಾಯ್’ ಹಾಡನ್ನು ವಾದ್ಯಗಳಿಲ್ಲದೆ, ಗಾಯನವೃಂದದ ಬೆಂಬಲದಲ್ಲಷ್ಟೇ ಮುದ್ರಿಸಿದರು.

1944ರಲ್ಲಿ ಎಕ್‌ಸ್ಟೈನ್ ತಮ್ಮದೇ ಮೇಳ ಕಟ್ಟಿದಾಗ ಸಾರಾ ಅಲ್ಲಿಗೆ ಹೋದರು, ಆ ಡಿಸೆಂಬರ್‌ನಲ್ಲಿ ಅವರ ಮೊದಲ ತಟ್ಟೆ ಮುದ್ರಣಗೊಂಡಿತು. 1945ರ ಮೇ ತಿಂಗಳಲ್ಲಿ ಗಿಲೆಸ್ಪಿ ಮತ್ತು ಪಾರ್ಕರ್ ಅವರೊಂದಿಗೆ ಮುದ್ರಿಸಿದ ‘ಲವರ್ ಮ್ಯಾನ್’ ಇಂದಿಗೂ ಕೇಳಬೇಕಾದದ್ದು. 21 ವರ್ಷದ ಗಾಯಕಿ ಅಷ್ಟು ನಿಧಾನದ ಹಾಡಿನಲ್ಲಿ ಪ್ರತಿ ಸ್ವರವನ್ನೂ ಅಷ್ಟು ನಿರಾಳವಾಗಿ ಎಳೆಯುವ ಎದೆಗಾರಿಕೆ ತೋರಿಸಿದ್ದು ಆ ಕಾಲದ ಮುದ್ರಣಗಳಲ್ಲಿ ಅಪರೂಪ.

ಒಂಟಿಯಾಗಿ ಹಾಡತೊಡಗಿದ ಸಾರಾ, ಕಪ್ಪು ಮತ್ತು ಬಿಳಿ ಪ್ರೇಕ್ಷಕರು ಒಟ್ಟಿಗೆ ಕೂರಬಹುದಾಗಿದ್ದ ನ್ಯೂಯಾರ್ಕ್‌ನ ಕೆಫೆ ಸೊಸೈಟಿಯಲ್ಲಿ ಹೆಸರು ಮಾಡಿದರು. ಅಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಜಾರ್ಜ್ ಟ್ರೆಡ್‌ವೆಲ್ ಅವರನ್ನು 1946ರಲ್ಲಿ ಮದುವೆಯಾದರು. ಟ್ರೆಡ್‌ವೆಲ್ ವಾದ್ಯವನ್ನು ಬದಿಗಿಟ್ಟು ಪತ್ನಿಯ ವ್ಯವಸ್ಥಾಪಕರಾದರು. ಉಡುಪು, ಕೇಶಾಲಂಕಾರ, ಹಲ್ಲುಗಳ ಜೋಡಣೆಯವರೆಗೆ ಎಲ್ಲವನ್ನೂ ಬದಲಿಸಿ, ನಾಚಿಕೆಯ ಪಿಯಾನೊ ಹುಡುಗಿಯನ್ನು ತಾರೆಯ ರೂಪಕ್ಕೆ ತಂದರು. ‘ಟೆಂಡರ್‌ಲಿ’ ಎಂಬ ಹಾಡು 1947ರ ಕೊನೆಯಲ್ಲಿ ಜನಪ್ರಿಯವಾಯಿತು. ಮರುವರ್ಷ ‘ಇಟ್ಸ್ ಮ್ಯಾಜಿಕ್’ ಅದನ್ನೂ ಮೀರಿತು. 1949ರಲ್ಲಿ ದೊಡ್ಡ ಕಂಪನಿಯಾದ ಕೊಲಂಬಿಯಾ ಒಪ್ಪಂದಕ್ಕೆ ಕರೆಯಿತು.

ಒಂದು ಒಪ್ಪಂದ, ಇಬ್ಬರು ಗಾಯಕಿಯರು

ಕೊಲಂಬಿಯಾದಲ್ಲಿ ಸಾರಾ ಅವರಿಗೆ ಬಹುತೇಕ ದಕ್ಕಿದ್ದು ಪಿಟೀಲುಗಳ ಭಾರದಡಿ ಹೂತುಹೋಗುವಂಥ, ಆಯಾ ತಿಂಗಳಿಗೆ ಮಾರಾಟವಾಗಲೆಂದು ಬರೆದ ಹಾಡುಗಳು. ಯುವ ಮೈಲ್ಸ್ ಡೇವಿಸ್ ಟ್ರಂಪೆಟ್ ನುಡಿಸಿದ 1950ರ ಮೇ ತಿಂಗಳ ಎರಡು ದಿನಗಳ ಮುದ್ರಣ ಆ ವರ್ಷಗಳ ಮಟ್ಟಿಗೆ ಬೆಲೆಬಾಳುವ ಅಪವಾದ. ಮಿಕ್ಕ ಬಹಳಷ್ಟನ್ನು ಇಂದು ಕೇಳುವಾಗ, ಇಂಥ ಕಂಠವನ್ನು ಇಂಥ ಹಾಡುಗಳಿಗೆ ಸವೆಸಿದ ಬಗ್ಗೆ ನೋವಾಗುತ್ತದೆ.

1954ರಲ್ಲಿ ಅವರು ಸೇರಿದ ಮರ್ಕ್ಯುರಿ ಕಂಪನಿಯ ಏರ್ಪಾಡು ವಿಶಿಷ್ಟವಾಗಿತ್ತು. ಜನಪ್ರಿಯ ಗೀತೆಗಳು ಮರ್ಕ್ಯುರಿ ಹೆಸರಿನಲ್ಲಿ, ಜಾಝ್ ಗಾಯನವು ಅದರದೇ ಅಂಗಸಂಸ್ಥೆಯಾದ ಎಮಾರ್ಸಿ ಹೆಸರಿನಲ್ಲಿ ಹೊರಬರಬೇಕೆಂಬುದು ನಿರ್ಮಾಪಕ ಬಾಬ್ ಶಾಡ್ ರೂಪಿಸಿದ ವ್ಯವಸ್ಥೆ. ಒಬ್ಬಳೇ ಗಾಯಕಿ ಒಂದೇ ವರ್ಷದಲ್ಲಿ ಎರಡು ಬಗೆಯ ಕೇಳುಗರಿಗೆ ಎರಡು ಬಗೆಯಲ್ಲಿ ಹಾಡಬೇಕಾಯಿತು. ಅಷ್ಟಾದರೂ ಈ ಏರ್ಪಾಡೇ ಅವರಿಗೆ ಉಸಿರಾಡಲು ಜಾಗ ಕೊಟ್ಟಿತೆಂಬುದನ್ನು ಒಪ್ಪಬೇಕು; ಕ್ಲಿಫರ್ಡ್ ಬ್ರೌನ್ ಅವರೊಂದಿಗಿನ ಆಲ್ಬಮ್ ಹುಟ್ಟಿದ್ದು ಎಮಾರ್ಸಿಯ ಪಾಲಿನಿಂದಲೇ.

ಮಾರುಕಟ್ಟೆಯ ದೃಷ್ಟಿಯಲ್ಲಿ ಗೆದ್ದದ್ದು ಇನ್ನೊಂದು ಪಾಲು. 1959ರಲ್ಲಿ ‘ಬ್ರೋಕನ್ ಹಾರ್ಟೆಡ್ ಮೆಲೊಡಿ’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 7ನೆಯ ಸ್ಥಾನಕ್ಕೇರಿ ಅವರಿಗೆ ಮೊದಲ ಚಿನ್ನದ ತಟ್ಟೆಯನ್ನು ತಂದುಕೊಟ್ಟಿತು. ಸ್ವತಃ ಸಾರಾ ಅವರಿಗೆ ಆ ಹಾಡು ಸಪ್ಪೆಯೆನಿಸಿತ್ತು. ಆದರೂ ಕೇಳುಗರ ಒತ್ತಾಯಕ್ಕೆ ಅದನ್ನು ವರ್ಷಗಟ್ಟಲೆ ಹಾಡಿದರು.

> ಎರಡು ಅಡ್ಡಹೆಸರು
>
> ‘ಸ್ಯಾಸಿ’: ಎಕ್‌ಸ್ಟೈನ್ ಮೇಳದ ಪಿಯಾನೊ ವಾದಕ ಜಾನ್ ಮಲಾಕಿ ಇಟ್ಟ ಹೆಸರು. ತಟಕ್ಕನೆ ಎದುರುತ್ತರ ಕೊಡುವ ತುಂಟಿ ಎಂಬ ಅರ್ಥ. ಸಾರಾ ಮೆಚ್ಚಿಕೊಂಡು ಬಳಸುತ್ತಿದ್ದುದು ಇದನ್ನೇ.
>
> ‘ದಿವ್ಯೆ’: ಷಿಕಾಗೊದ ರೇಡಿಯೊ ನಿರೂಪಕ ಡೇವ್ ಗ್ಯಾರೊವೇ ಕೊಟ್ಟ ಬಿರುದು. ಪತ್ರಿಕೆಗಳು ಜೀವನಪೂರ್ತಿ ಬಳಸಿದ್ದು ಇದನ್ನು.

ಧಾಟಿ ಬಿಟ್ಟು ಊರು ಸೇರುವ ವಿದ್ಯೆ

ಸಾರಾ ಅವರ ಕಂಠದ ವ್ಯಾಪ್ತಿ ಮೂರು ಸ್ಥಾಯಿಗಳಷ್ಟಿತ್ತು. ಮಂದ್ರದಲ್ಲಿ ಗಂಡುದನಿಯ ಗಾಂಭೀರ್ಯ, ತಾರದಲ್ಲಿ ಒಪೆರಾ ಗಾಯಕಿಯ ಹೊಳಪು. ವಯಸ್ಸಾದಂತೆ ಮಂದ್ರ ಇನ್ನೂ ಆಳವಾಯಿತೇ ಹೊರತು ತಾರ ಕ್ಷೀಣಿಸಲಿಲ್ಲ. ‘ವೈಬ್ರಾಟೊ’ ಎನ್ನಲಾಗುವ ಸ್ವರಕಂಪನದ ಮೇಲೆ ಅವರಿಗಿದ್ದ ಹತೋಟಿ ಅಸಾಧಾರಣವಾದದ್ದು: ಸ್ವರವನ್ನು ಮೊದಲು ನೇರವಾಗಿ, ಅಲುಗದಂತೆ ನಿಲ್ಲಿಸಿ, ಕೊನೆಯಲ್ಲಷ್ಟೇ ಅದಕ್ಕೆ ಕಂಪನ ಕೊಟ್ಟು, ಆ ಕಂಪನದ ವೇಗವನ್ನೂ ಹರವನ್ನೂ ಹಾಡಿನ ಭಾವಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುತ್ತಿದ್ದರು.

ಇವೆಲ್ಲ ಸಾಧನಗಳು, ಅವುಗಳಿಂದ ಸಾರಾ ಮಾಡಿದ್ದೇನು ಎಂಬುದು ಕರ್ನಾಟಕ ಸಂಗೀತದ ಕೇಳುಗರಿಗೆ ಸುಲಭವಾಗಿ ಅರ್ಥವಾಗಬಲ್ಲದು. ನೆರವಲ್‌ನಲ್ಲಿ ಗಾಯಕರು ಸಾಹಿತ್ಯದ ಒಂದು ಸಾಲನ್ನೂ ತಾಳದಲ್ಲಿ ಅದಕ್ಕಿರುವ ಸ್ಥಾನವನ್ನೂ ಹಾಗೆಯೇ ಉಳಿಸಿಕೊಂಡು, ಅದರ ಸ್ವರಸಂಚಾರವನ್ನು ಮಾತ್ರ ಆವರ್ತದಿಂದ ಆವರ್ತಕ್ಕೆ ಹೊಸದಾಗಿ ನೇಯುತ್ತ ಹೋಗುವಂತೆ, ಸಾರಾ ಅವರೂ ಹಾಡಿನ ಮಾತುಗಳನ್ನು ಉಳಿಸಿಕೊಂಡು ಧಾಟಿಯನ್ನು ಪ್ರತಿಬಾರಿ ಬೇರೆಯಾಗಿ ಕಟ್ಟುತ್ತಿದ್ದರು. ವ್ಯತ್ಯಾಸವಿಷ್ಟೆ: ನೆರವಲ್‌ಗೆ ರಾಗ ಒಂದೇ ಆಗಿ ನಿಂತಿರುತ್ತದೆ, ಜಾಝ್‌ನಲ್ಲಿ ಕೆಳಗಿನ ಕಾರ್ಡ್‌ಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಇಲ್ಲಿ ಸರಿಯಾಗಿದ್ದ ಸ್ವರ ಮರುಕ್ಷಣ ಅಪಸ್ವರವಾಗಬಹುದು. ಅಷ್ಟು ಬೇಗ ಸರಿಯುವ ನೆಲದ ಮೇಲೆ ತಪ್ಪದೆ ಕಾಲಿಡಲು ಪಿಯಾನೊ ಜ್ಞಾನ ಬೇಕು. ಅದು ಸಾರಾ ಅವರಲ್ಲಿ ಬಾಲ್ಯದಿಂದಲೂ ಇತ್ತು.

ಸಾಹಿತ್ಯದ ಅರ್ಥವನ್ನು ಅವರು ಸ್ವರವಿನ್ಯಾಸಕ್ಕೆ ಬಲಿಕೊಡುತ್ತಿದ್ದರು ಎಂಬ ಆಕ್ಷೇಪವನ್ನು ವಿಮರ್ಶಕರು ಪದೇಪದೇ ಎತ್ತಿದ್ದಾರೆ. ಬಿಲ್ಲಿ ಹಾಲಿಡೇ ಅವರಂತೆ ಒಂದೊಂದು ಮಾತಿಗೂ ಬದುಕಿನ ಗಾಯವನ್ನು ತಾಗಿಸುವ ರೀತಿ ಸಾರಾ ಅವರದಲ್ಲ, ನಿಜ. ಆದರೆ ಅವರ ಭಾವ ನೆಲೆಸಿರುವುದು ಮಾತು ತಲುಪುವ ಸ್ವರದಲ್ಲಿ. ಒಂದು ಸಾಲಿನ ಕೊನೆಯ ಪದವನ್ನು ಕೇಳುಗ ನಿರೀಕ್ಷಿಸಿದ ಸ್ವರಕ್ಕಿಂತ ಅರ್ಧ ಮೆಟ್ಟಿಲು ಕೆಳಗೆ ನಿಲ್ಲಿಸಿ, ತಡೆದು, ಆಮೇಲೆ ಮೇಲಕ್ಕೆ ಸೇರಿಸಿದಾಗ ಆ ಪದದ ದುಃಖ ಕೇಳಿಸುವ ಬಗೆಯೇ ಬೇರೆ. ಅದನ್ನು ಭಾವಶೂನ್ಯತೆ ಎನ್ನುವುದು ಸಂಗೀತವನ್ನು ಸಾಹಿತ್ಯದ ಅಡಿಯಾಳಾಗಿ ಮಾತ್ರ ಕಾಣುವವರ ಮಾತು.

ಈ ವಿದ್ಯೆ ಸಣ್ಣ ಮೇಳದಲ್ಲಿ ಅರಳಿದಷ್ಟು ದೊಡ್ಡ ವಾದ್ಯವೃಂದದಲ್ಲಿ ಅರಳಲಿಲ್ಲ. 1957ರ ಆಗಸ್ಟ್‌ನಲ್ಲಿ ಷಿಕಾಗೊದ ಮಿಸ್ಟರ್ ಕೆಲ್ಲೀಸ್ ಕ್ಲಬ್‌ನಲ್ಲಿ ಪಿಯಾನೊಗೆ ಜಿಮ್ಮಿ ಜೋನ್ಸ್, ಬಾಸ್‌ಗೆ ರಿಚರ್ಡ್ ಡೇವಿಸ್, ಡ್ರಮ್ಸ್‌ಗೆ ರಾಯ್ ಹೇನ್ಸ್ ಇದ್ದ ಕಛೇರಿಯಲ್ಲಿ, ಹಾಡುತ್ತಿದ್ದಾಗಲೇ ಏರ್ಪಟ್ಟ ಎಡವಟ್ಟನ್ನೂ ಲಯ ತಪ್ಪದೆ ಹಾಡಿನ ಮಾತಾಗಿ ಪೋಣಿಸಿ ಮುಂದುವರಿಯುವ ಅವರ ಸಮಯಸ್ಫೂರ್ತಿ ಮುದ್ರಣದಲ್ಲಿ ಉಳಿದಿದೆ. 1961ರ ‘ಆಫ್ಟರ್ ಅವರ್ಸ್’ ಆಲ್ಬಮ್‌ನಲ್ಲಿ ಜೊತೆಗಿದ್ದದ್ದು ಒಂದು ಗಿಟಾರ್ ಮತ್ತು ಒಂದು ಬಾಸ್ ಅಷ್ಟೇ. ಡ್ರಮ್ಸ್ ಇಲ್ಲದೆ, ಪಿಯಾನೊ ಕೂಡ ಇಲ್ಲದೆ, ಲಯವನ್ನೂ ಶ್ರುತಿಯನ್ನೂ ಗಾಯಕಿಯೇ ಹೊತ್ತು ನಡೆದ ಆ ತಟ್ಟೆ ಅವರ ಅತ್ಯುತ್ತಮ ಕೆಲಸಗಳಲ್ಲೊಂದು.

ದುಡಿಮೆ, ನಷ್ಟ, ಮರಳಿ ಏರಿಕೆ

ರಂಗದ ಮೇಲೆ ಇದ್ದ ಹತೋಟಿ ಹಣದ ವಿಷಯದಲ್ಲಿ ಇರಲಿಲ್ಲ. ವ್ಯವಹಾರವನ್ನೆಲ್ಲ ಪತಿಯರ ಕೈಗೆ ಬಿಟ್ಟುಕೊಡುತ್ತಿದ್ದ ಸಾರಾ ಅವರಿಗೆ, 1958ರಲ್ಲಿ ಟ್ರೆಡ್‌ವೆಲ್ ಅವರಿಂದ ಬೇರೆಯಾದಾಗ ಇಷ್ಟು ವರ್ಷಗಳ ಗಳಿಕೆಯಲ್ಲಿ ಉಳಿದಿದ್ದು 16,000 ಡಾಲರ್ ಎಂದೂ ಅದರಲ್ಲೂ ಅರ್ಧ ಪಾಲು ತಮ್ಮದಲ್ಲವೆಂದೂ ತಿಳಿಯಿತು. ಎರಡನೆಯ ಮದುವೆ ಅವರನ್ನು ಸಾಲಕ್ಕೆ ನೂಕಿತು. ಮನೆಯನ್ನು ತೆರಿಗೆ ಇಲಾಖೆ ವಶಪಡಿಸಿಕೊಂಡಿತು. ಇಷ್ಟು ದುಡಿದ ಕಲಾವಿದೆಗೆ ತನ್ನ ದುಡಿಮೆಯ ಲೆಕ್ಕವೇ ಸಿಗದೆ ಹೋದದ್ದು, ಆ ಕಾಲದ ಅನೇಕ ಕಪ್ಪು ಕಲಾವಿದರ ಪಾಡೂ ಆಗಿತ್ತು.

ಜನಾಂಗಭೇದದ ಕಹಿ ಅದರ ಜೊತೆಗಿತ್ತು. ದಕ್ಷಿಣ ರಾಜ್ಯಗಳ ಪ್ರವಾಸಗಳಲ್ಲಿ ಕಪ್ಪು ಸಂಗೀತಗಾರರಿಗೆ ಹೋಟೆಲು, ಊಟದ ಮನೆಗಳ ಬಾಗಿಲು ಮುಚ್ಚಿರುತ್ತಿತ್ತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಅತಿಥಿಗಳಿಗಾಗಿ ಶ್ವೇತಭವನದಲ್ಲಿ ಹಾಡಿದ ಬಳಿಕ ಸಾರಾ ಕಣ್ಣೀರಿಟ್ಟರೆಂದೂ, ಇಪ್ಪತ್ತು ವರ್ಷಗಳ ಹಿಂದೆ ಇದೇ ವಾಷಿಂಗ್ಟನ್‌ನಲ್ಲಿ ತಮಗೆ ಹೋಟೆಲಿನ ಕೋಣೆಯೂ ಸಿಗುತ್ತಿರಲಿಲ್ಲ, ಇಂದು ಅಧ್ಯಕ್ಷರೇ ನೃತ್ಯಕ್ಕೆ ಕರೆದರೆಂದು ನೆನೆದರೆಂದೂ ದಾಖಲಾಗಿದೆ.

1960ರ ದಶಕದ ಕೊನೆಗೆ ರಾಕ್ ಸಂಗೀತದ ಅಬ್ಬರದಲ್ಲಿ ಜಾಝ್ ಗಾಯಕರನ್ನು ಕೇಳುವವರು ಕಡಿಮೆಯಾದರು. 1967ರಿಂದ 1971ರವರೆಗೆ ಸಾರಾ ಅವರ ಕೈಯಲ್ಲಿ ಮುದ್ರಣದ ಒಪ್ಪಂದವೇ ಇರಲಿಲ್ಲ. ಅನಂತರ ಕೆಲಸಕ್ಕೆ ಕರೆದದ್ದು ಹಳೆಯ ಬಾಬ್ ಶಾಡ್ ಅವರೇ. 1973ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದ ಸನ್ ಪ್ಲಾಜಾದಲ್ಲಿ ಮೂವರು ವಾದ್ಯಗಾರರೊಂದಿಗೆ ನಡೆದ ಕಛೇರಿಯ ಮುದ್ರಣವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2006ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿಕೊಂಡಿತು.

ಪ್ರಶಸ್ತಿಗಳು ತಡವಾಗಿಯೇ ಬಂದವು. ನಿರ್ದೇಶಕ ಮೈಕೆಲ್ ಟಿಲ್ಸನ್ ಥಾಮಸ್ ಮತ್ತು ಲಾಸ್ ಏಂಜಲಿಸ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದೊಂದಿಗೆ ಹಾಡಿದ ‘ಗರ್ಷ್ವಿನ್ ಲೈವ್!’ ಆಲ್ಬಮ್‌ಗೆ 1983ರಲ್ಲಿ ಗ್ರ್ಯಾಮಿ ದೊರೆಯಿತು. ಸ್ಪರ್ಧೆಯಲ್ಲಿ ಅವರು ಗೆದ್ದ ಒಂದೇ ಒಂದು ಗ್ರ್ಯಾಮಿ ಅದು. ಜೀವಮಾನ ಸಾಧನೆಯ ಗ್ರ್ಯಾಮಿಯೂ ‘ಜಾಝ್ ಮಾಸ್ಟರ್’ ರಾಷ್ಟ್ರೀಯ ಗೌರವವೂ 1989ರಲ್ಲಿ ಬಂದಾಗ ಶ್ವಾಸಕೋಶದ ಕ್ಯಾನ್ಸರ್ ಹತ್ತಿರವಾಗಿತ್ತು. 66 ತುಂಬಿದ ಒಂದು ವಾರಕ್ಕೆ, ಕ್ಯಾಲಿಫೋರ್ನಿಯಾದ ಮನೆಯಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದದ್ದು ನ್ಯೂವಾರ್ಕ್‌ನಲ್ಲಿ, ಅವರು ಬಾಲ್ಯದಲ್ಲಿ ಹಾಡಿದ್ದ ಮೌಂಟ್ ಝಯನ್ ಚರ್ಚ್‌ನ ಸಭೆಯ ಮುಂದೆ. 2016ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು.

ತಮ್ಮನ್ನು ಜಾಝ್ ಗಾಯಕಿ ಎಂದಷ್ಟೇ ಕರೆಯುವುದನ್ನು ಸಾರಾ ಒಪ್ಪುತ್ತಿರಲಿಲ್ಲ. ತಾವು ಹಾಡುಗಾರ್ತಿ, ಎಲ್ಲ ಬಗೆಯ ಸಂಗೀತವೂ ತಮ್ಮದು ಎಂಬುದು ಅವರ ನಿಲುವಾಗಿತ್ತು. ಆ ಮಾತನ್ನು ಗೌರವಿಸುತ್ತಲೇ, ಅವರ ಹಿರಿಮೆ ಜಾಝ್‌ನಲ್ಲಿಯೇ ಇದೆಯೆಂದು ಹೇಳಬೇಕಾಗುತ್ತದೆ. ಅದಕ್ಕೆ ಸಾಕ್ಷಿ 1982ರ ‘ಕ್ರೇಝಿ ಅಂಡ್ ಮಿಕ್ಸ್ಡ್ ಅಪ್’ ಆಲ್ಬಮ್. ನಾಲ್ಕು ದಶಕ ಬೇರೆಯವರ ಮರ್ಜಿಗೆ ಹಾಡಿದ್ದ ಗಾಯಕಿ ತಾವೇ ನಿರ್ಮಾಪಕಿಯಾಗಿ ಹಾಡುಗಳನ್ನೂ ಜೊತೆಗಾರರನ್ನೂ ಆರಿಸಿಕೊಂಡ ತಟ್ಟೆ ಅದು. ಅದರಲ್ಲಿನ ‘ಆಟಮ್ ಲೀವ್ಸ್’ ಹಾಡಿನಲ್ಲಿ ಮೂಲದ ಧಾಟಿಯೂ ಇಲ್ಲ, ಸಾಹಿತ್ಯದ ಒಂದು ಪದವೂ ಇಲ್ಲ. ಕಾರ್ಡ್‌ಗಳ ನಕ್ಷೆಯನ್ನಷ್ಟೇ ನಂಬಿ, ಜೋ ಪಾಸ್ ಅವರ ಗಿಟಾರ್ ಜೊತೆಗೆ, 57ನೆಯ ವಯಸ್ಸಿನಲ್ಲಿ ಅವರು ಇಡೀ ಹಾಡನ್ನು ಹೊಸದಾಗಿ ಕಟ್ಟುತ್ತಾರೆ. ಜಾಝ್‌ನ ಪರಿಚಯವಿಲ್ಲದ ಓದುಗರು ಆ ಹಾಡನ್ನು ಮೊದಲು ಬೇರೆ ಯಾರಾದರೂ ಗಾಯಕರ ದನಿಯಲ್ಲಿ, ಧಾಟಿ ಮನಸ್ಸಿಗೆ ಹತ್ತುವವರೆಗೆ ಕೇಳಿಕೊಂಡು, ಆಮೇಲೆ ಸಾರಾ ವಾನ್ ಅವರದನ್ನು ಕೇಳಬೇಕು.